ಓದುಗರ ಪ್ರಶ್ನೆ: ಗೆಳೆಯನ ಪುನರ್ವಸತಿಗಾಗಿ ಸೈಕಲ್ ಸವಾರಿ

ಪ್ರಶ್ನೆ: ನಾವು ದಾವಣಗೆರೆಯ ಐವರು ಗೆಳೆಯರು, ಎಲ್ಲರೂ ಮೂವತ್ತರ ಆಸುಪಾಸಿನವರು. ಕಾಲೇಜಿನ ದಿನಗಳಿಂದ ನಮ್ಮೊಡನಿರುವ ಆರನೆಯವನು ಚನ್ನಗಿರಿ ತಾಲ್ಲೂಕಿನವನು. ಹೋದ ಡಿಸೆಂಬರಿನ ಕೊಯ್ಲಿನಲ್ಲಿ ತನ್ನದೇ ತೋಟದ ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿದೆ. ಶಸ್ತ್ರಚಿಕಿತ್ಸೆಯಾಗಿ ನಾಲ್ಕು ತಿಂಗಳು ಕಳೆದರೂ ಸೊಂಟದ ಕೆಳಗೆ ಸ್ವಾಧೀನ ಬಂದಿಲ್ಲ. ಒಂದೇ ದಿನದಲ್ಲಿ ದಾವಣಗೆರೆಯಿಂದ ಹಿರಿಯೂರಿಗೆ ಹೋಗಿ ಹಿಂದಿರುಗುವ, ಹೆಚ್ಚುಕಡಿಮೆ 200 ಕಿ.ಮೀ. ಸೈಕಲ್ ಸವಾರಿ ಮಾಡಿ, ಕಿಲೋಮೀಟರಿಗೆ ಇಷ್ಟು ಎಂದು ಪರಿಚಿತರಿಂದ ಹಣ ಕೂಡಿಸಬೇಕೆಂದಿದ್ದೇವೆ. ನಮ್ಮಲ್ಲಿ ಇಬ್ಬರನ್ನು ಬಿಟ್ಟರೆ ಉಳಿದವರು 50 ಕಿ.ಮೀ. ದಾಟಿದವರಲ್ಲ. ಜುಲೈನಲ್ಲಿ ಮಾಡಬಹುದೇ? ಹಣ ಯಾರ ಖಾತೆಗೆ ಬರಬೇಕು? ನಮ್ಮಲ್ಲೊಬ್ಬನ ತಂದೆಯವರು, "ಈ ಪ್ರದರ್ಶನವೆಲ್ಲ ಯಾಕೆ, ಕೈಲಾದಷ್ಟು ಕೊಟ್ಟು ಸುಮ್ಮನಿರಿ" ಎನ್ನುತ್ತಾರೆ.
— ಐವರು ಗೆಳೆಯರು, ದಾವಣಗೆರೆ

ಉತ್ತರ: ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಆದರೆ ಐದು ಜನರ ಜೇಬಿನಿಂದ ಎಷ್ಟು ಬಂದೀತು, ಎಷ್ಟು ತಿಂಗಳು ಬಂದೀತು ಎಂಬ ಲೆಕ್ಕವನ್ನೂ ಅವರ ಮುಂದಿಡಿ. ನಿಮ್ಮ ಸವಾರಿಗೆ ಹಣ ಕೊಟ್ಟವರು ಮುಂದೆ ನೀವು ಎದುರಾದಾಗಲೆಲ್ಲ "ಹುಡುಗ ಹೇಗಿದ್ದಾನೆ?" ಎಂದು ಕೇಳುತ್ತಾರೆ, ಆ ಪ್ರಶ್ನೆಗೆ ಉತ್ತರ ಕೊಡಬೇಕಾದ ಹೊಣೆ ನಿಮ್ಮ ಮೇಲಿರುತ್ತದೆ. ಸುಮ್ಮನೆ ಕೊಟ್ಟು ಮರೆಯುವ ದಾನದಲ್ಲಿ ಈ ಅನುಕೂಲವಿಲ್ಲ.

ಜುಲೈ ಮಾತ್ರ ಬೇಡ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಅಲಂಕಾರಕ್ಕೆಂದು ಸಾಲಾಗಿ ನಿಲ್ಲಿಸಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿ ಪಡುವಣ ಗಾಳಿ ಜೋರು. ಆಗ್ನೇಯಕ್ಕಿರುವ ಹಿರಿಯೂರಿಗೆ ಹೋಗುವಾಗ ಅದು ಬೆನ್ನು ತಳ್ಳಿ ನಿಮ್ಮನ್ನು ಹುರಿದುಂಬಿಸುತ್ತದೆ. ಹಿಂದಿರುಗುವಾಗ, ಅಂದರೆ 100 ಕಿ.ಮೀ. ತುಳಿದು ತೊಡೆ ಸೋತ ಮೇಲೆ, ಅದೇ ಗಾಳಿ ಎದುರಿಗೆ ನಿಲ್ಲುತ್ತದೆ. ಮಳೆ ಹಿಂದೆ ಸರಿದ ಮೇಲೆ, ನವೆಂಬರಿನಲ್ಲಿ ಇಟ್ಟುಕೊಳ್ಳಿ. ದೂರದ ಸವಾರಿಗಳಿಗೆ ಲೋಕವೆಲ್ಲ ಒಪ್ಪಿರುವ, ಬ್ರೆವೆ ಎಂಬ ಗಡುವಿನ ಸವಾರಿಯ ನಿಯಮದಲ್ಲಿ 200 ಕಿ.ಮೀ.ಗೆ 13 ಗಂಟೆ 30 ನಿಮಿಷ ಕಾಲಾವಕಾಶವಿದೆ, ಎಂದರೆ ನಿಲುಗಡೆಗಳೂ ಸೇರಿ ಗಂಟೆಗೆ 15 ಕಿ.ಮೀ. ಸಾಕು. ಬೆಳಗಿನ ನಾಲ್ಕೂವರೆಗೆ ಹೊರಟರೆ ಸಂಜೆ ಆರಕ್ಕೆ ಮನೆ ಸೇರಬಹುದು. ಈಗಿನಿಂದಲೇ ಭಾನುವಾರಗಳಲ್ಲಿ ಹರಿಹರಕ್ಕೆ ಹೋಗಿಬರುವುದರಿಂದ ಶುರುಮಾಡಿ ಸ್ವಲ್ಪಸ್ವಲ್ಪವೇ ದೂರ ಹೆಚ್ಚಿಸಿ. ಚಿತ್ರದುರ್ಗಕ್ಕೆ ಹೋಗಿ ಹಿಂದಿರುಗುವ ಸುಮಾರು 120 ಕಿ.ಮೀ.ಯನ್ನು ಎರಡು ಸಲವಾದರೂ ಮುಗಿಸದವನು ಅಂದಿನ ದಿನ ಸೈಕಲ್ ಏರದೆ ನಿಮ್ಮ ಹಿಂದೆ ಬರುವ ನೆರವಿನ ವಾಹನದಲ್ಲಿ ಕುಳಿತುಕೊಳ್ಳಲಿ. ಬಿಸಿಲಿನಲ್ಲಿ ಬರೀ ನೀರು ಕುಡಿಯುತ್ತಾ ಹೋದರೆ ರಕ್ತದಲ್ಲಿ ಉಪ್ಪಿನಂಶ ಇಳಿದು ತಲೆಸುತ್ತು ಬರುತ್ತದೆ. ಓ.ಆರ್.ಎಸ್. ಪೊಟ್ಟಣ, ಬಾಳೆಹಣ್ಣು, ಉಪ್ಪು ಹಾಕಿದ ಮಂಡಕ್ಕಿ ಜೊತೆಗಿರಲಿ. ಬೆಣ್ಣೆ ದೋಸೆ ಮರಳಿ ಬಂದ ಮೇಲೆ.

ಇನ್ನು ಹಣದ ವಿಚಾರ. ನೀವು ಒಂದು ದೊಡ್ಡ ಮೊತ್ತ ಕೂಡಿಸಿ ಒಮ್ಮೆಗೇ ಕೈಗಿಡಬೇಕೆಂದು ಯೋಚಿಸುತ್ತಿರುವಂತಿದೆ. ನನ್ನ ಸಲಹೆ ಬೇರೆ. ಬೆನ್ನುಹುರಿಗೆ ಪೆಟ್ಟಾದವರ ಖರ್ಚು ಶಸ್ತ್ರಚಿಕಿತ್ಸೆಯಂತೆ ಒಂದೇ ಬಿಲ್ಲಿನಲ್ಲಿ ಮುಗಿಯುವುದಲ್ಲ, ತಿಂಗಳು ತಿಂಗಳೂ ಬರುವಂಥದ್ದು. ಮೂತ್ರಕ್ಕೆ ನಾಲ್ಕರಿಂದ ಆರು ಗಂಟೆಗೊಮ್ಮೆ ಹಾಕಿ ತೆಗೆಯುವ ಕೊಳವೆಗಳು, ಮನೆಗೆ ಬರುವ ಫಿಸಿಯೋಥೆರಪಿಯವರ ಸಂಭಾವನೆ, ಏರ್ ಬೆಡ್ಡು, ತಪಾಸಣೆಗೆ ಹೋಗಿಬರುವ ಕಾರಿನ ಬಾಡಿಗೆ, ಇವೆಲ್ಲ ಸೇರುತ್ತವೆ. ರಾತ್ರಿ ಎರಡು ಗಂಟೆಗೊಮ್ಮೆ ಎದ್ದು ಅವನನ್ನು ಮಗ್ಗುಲು ಬದಲಿಸುವ ತಾಯಿಯ ನಿದ್ದೆಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗ್ಗುಲು ಬದಲಿಸುವುದು ತಪ್ಪಿದರೆ ಬರುವ ಹಾಸಿಗೆ ಹುಣ್ಣು ಒಂದೇ ತಿಂಗಳಲ್ಲಿ ನಿಮ್ಮ ಸವಾರಿಯ ಹಣವನ್ನೆಲ್ಲ ನುಂಗಬಲ್ಲದು. ವಾರಕ್ಕೆರಡು ರಾತ್ರಿ ಕೂಲಿ ಕೊಟ್ಟು ಒಬ್ಬ ಸಹಾಯಕನನ್ನಿಡುವುದು ನಿಮ್ಮ ಪಟ್ಟಿಯಲ್ಲಿ ಮೊದಲು ಬರಲಿ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ಕಿಲೋಮೀಟರಿಗೆ ಮೂರು ರೂಪಾಯಿ ಕೇಳಿ. 200 ಕಿ.ಮೀ.ಗೆ 600 ರೂಪಾಯಿ, ಅದನ್ನು ತಿಂಗಳಿಗೆ 50ರಂತೆ ಹನ್ನೆರಡು ತಿಂಗಳು ಕೊಡಲಿ. ಇನ್ನೂರು ಜನ ಒಪ್ಪಿದರೆ ವರ್ಷವಿಡೀ ತಿಂಗಳಿಗೆ 10,000 ರೂಪಾಯಿ ತಪ್ಪದೆ ಬರುತ್ತದೆ. ವಸೂಲಿ ಮಾಡುವುದು ಸವಾರಿಗಿಂತ ಬೇಸರದ ಕೆಲಸ, ಐವರೂ ನಲವತ್ತು ನಲವತ್ತು ಮನೆ ಹಂಚಿಕೊಳ್ಳಿ. ನವೆಂಬರಿನವರೆಗೆ ಕೈಕಟ್ಟಿ ಕೂರುವಂತೆಯೂ ಇಲ್ಲ. ಇಂಥ ಪೆಟ್ಟಿನಲ್ಲಿ ಹೆಚ್ಚಿನ ಚೇತರಿಕೆ ಮೊದಲ ಆರರಿಂದ ಒಂಬತ್ತು ತಿಂಗಳೊಳಗೇ ಕಾಣುತ್ತದೆ, ನಿಮ್ಮ ಗೆಳೆಯನಿಗೆ ಅದರಲ್ಲಿ ನಾಲ್ಕು ಕಳೆದಿವೆ. ಮೊದಲ ಕಂತನ್ನು ಈ ತಿಂಗಳೇ ಎತ್ತಿ, ಸವಾರಿ ಆಮೇಲೆ ಆಗಲಿ. ಕೊಡುವವರು ನಿಮ್ಮ ಮುಖ ನೋಡಿ ಕೊಡುತ್ತಾರೆ.

ಖಾತೆಯ ವಿಷಯದಲ್ಲಿ ಅವಸರ ಬೇಡ. ರಕ್ತಸಂಬಂಧಿಗಳಲ್ಲದವರಿಂದ ಒಬ್ಬರಿಗೆ ಒಂದು ಹಣಕಾಸು ವರ್ಷದಲ್ಲಿ ಬಂದ ಉಡುಗೊರೆಯ ಹಣ ಒಟ್ಟು 50,000 ರೂಪಾಯಿ ದಾಟಿದರೆ ಅಷ್ಟೂ ಆದಾಯವೆಂದೇ ಲೆಕ್ಕ. ಸವಾರರೊಬ್ಬರ ಖಾತೆಗೆ ಹಾಕಿಸಿದರೆ ವಿವರಣೆ ಕೊಡಬೇಕಾದವರು ಅವರು. ಆದಾಯ ತೆರಿಗೆ ಇಲಾಖೆಯಲ್ಲಿ ನೋಂದಾಯಿತವಾದ ಸೇವಾ ಸಂಸ್ಥೆಯೊಂದು ವೈದ್ಯಕೀಯ ನೆರವಾಗಿ ಕೊಟ್ಟ ಹಣಕ್ಕೆ ಈ ತೊಡಕಿಲ್ಲ. ಅಂಥದೊಂದು ಸಂಸ್ಥೆ ಒಪ್ಪುತ್ತದೆಯೇ ಎಂದು ನಿಮ್ಮ ಊರಿನ ಲೆಕ್ಕಪರಿಶೋಧಕರೊಬ್ಬರ ಮೂಲಕ ವಿಚಾರಿಸಿ. ಒಪ್ಪದಿದ್ದರೆ ಗೆಳೆಯನ ಮತ್ತು ಅವನ ತಾಯಿಯ ಜಂಟಿ ಖಾತೆಯೇ ಸರಿ, ರಸೀದಿಗಳನ್ನು ಒಂದೂ ಬಿಡದೆ ಎತ್ತಿಡಿ.

ಹಣವಿಲ್ಲದೆ ಸಿಗುವುದನ್ನು ಮೊದಲು ಪಡೆಯಿರಿ. ನಿಮ್ಮ ಊರಿನಲ್ಲೇ ಸಿ.ಆರ್.ಸಿ. ಎಂದು ಕರೆಯುವ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರವಿದೆ. ಚನ್ನಗಿರಿಯ ಅವನ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಹಾಕಲು ಅವರನ್ನೇ ಹಿಡಿಯಿರಿ. ಗಾಲಿಕುರ್ಚಿ ಸಿಕ್ಕರೆ ಎಲ್ಲ ಆಯಿತೆಂದುಕೊಳ್ಳಬೇಡಿ. ಹೊಳಲ್ಕೆರೆ ಕಡೆಯ ಒಂದು ಮನೆಯಲ್ಲಿ ಹೊಸ ಗಾಲಿಕುರ್ಚಿಯೊಂದನ್ನು ಜಗಲಿಯ ಮೇಲೆ ಕಂಡೆ, ಅದರ ಮೇಲೆ ಮೆಕ್ಕೆಜೋಳದ ಚೀಲ ಕುಳಿತಿತ್ತು. ಒಳಗೆ ಮಲಗಿದ್ದವನಿಗೂ ಅಂಗಳಕ್ಕೂ ನಡುವೆ ಮೂರು ಮೆಟ್ಟಿಲುಗಳಿದ್ದವು. ಗಾಲಿಕುರ್ಚಿ ತಾನೇ ತಳ್ಳಿಕೊಂಡು ಏರಬೇಕಾದರೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಇಳಿಜಾರು ಬೇಕು. ಎರಡಡಿ ಜಗಲಿಗೆ ಇಪ್ಪತ್ತನಾಲ್ಕು ಅಡಿ. ಅಷ್ಟು ಅಂಗಳವಿದೆಯೇ, ಬಚ್ಚಲಿನ ಬಾಗಿಲಲ್ಲಿ ಕುರ್ಚಿ ಹಿಡಿಯುತ್ತದೆಯೇ ಎಂದು ಈ ಭಾನುವಾರವೇ ಟೇಪು ಹಿಡಿದು ಅಳೆದು ಬನ್ನಿ. ಹೋದಾಗ ಅವನನ್ನೂ ಕೇಳಿ. ನಿಮ್ಮ ಪತ್ರದಲ್ಲಿ ತಂದೆಯವರ ಅಭಿಪ್ರಾಯವಿದೆ, ಅವನದಿಲ್ಲ.

ಪ್ರಶ್ನೆ: ಚಿತ್ರದುರ್ಗದ ಬಳಿ ಬೈಕಿಗೆ ಲಾರಿ ತಾಗಿ, ಎರಡು ತಿಂಗಳ ಹಿಂದೆ ನನ್ನ ಬಲಗಾಲನ್ನು ಮಂಡಿಯ ಕೆಳಗೆ ತೆಗೆದರು. ಕೃತಕ ಕಾಲಿಗಾಗಿ ಸಹೋದ್ಯೋಗಿಗಳು ಒಂದೇ ದಿನದಲ್ಲಿ ಕೋಟೆಯನ್ನು ಏಳು ಸಲ ಹತ್ತಿ ಇಳಿಯುತ್ತಾರಂತೆ. ಬ್ಯಾನರಿಗೆ ಆಸ್ಪತ್ರೆಯ ಹಾಸಿಗೆಯಲ್ಲಿದ್ದ ನನ್ನ ಫೋಟೊ ಹಾಕಿಸಿದ್ದಾರೆ. ಬೇಡವೆಂದರೆ ಕೃತಜ್ಞತೆ ಇಲ್ಲದವಳು ಎಂದಾರೇ?
— ಹೆಸರು ಬೇಡ, ಚಿತ್ರದುರ್ಗ

ಉತ್ತರ: ಬೇಡವೆನ್ನಿ, ಇವತ್ತೇ. ಫೋಟೊ ಜಾಗದಲ್ಲಿ ಏನು ಬೇಕು, ಎಷ್ಟು ಬೇಕು ಎಂದು ಬರೆಸಿ. ಕಾಲಿಗಿಂತ ಸಾಕೆಟ್ಟಿಗೆ, ಅಂದರೆ ಉಳಿದ ಕಾಲಿನ ತುದಿ ಕೂರುವ ಕೃತಕ ಕಾಲಿನ ಬಟ್ಟಲಿಗೆ, ಹಣ ಕೇಳುವುದು ಜಾಣತನ: ಗಾಯ ಮಾಗಿದ ಮೇಲೆ ಉಳಿದ ಕಾಲಿನ ತುದಿ ತಿಂಗಳುಗಟ್ಟಲೆ ಸಣ್ಣಗಾಗುತ್ತಾ ಹೋಗುವುದರಿಂದ ಮೊದಲ ಸಾಕೆಟ್ಟು ಸಡಿಲವಾಗಿ, ವರ್ಷದೊಳಗೇ ಹೊಸದನ್ನು ಮಾಡಿಸಬೇಕಾಗುವುದು ಸಾಮಾನ್ಯ. 1968ರಲ್ಲಿ ಜೈಪುರದಲ್ಲಿ ರೂಪುಗೊಂಡ ಜೈಪುರ ಪಾದ ಎಂಬ ಕೃತಕ ಪಾದವನ್ನು ಉಚಿತವಾಗಿ ಜೋಡಿಸುವ ಶಿಬಿರಗಳೂ ನಡೆಯುತ್ತವೆ, ವಿಚಾರಿಸಿ. ಲಾರಿಯ ವಿಮೆಯಿಂದ ಪರಿಹಾರ ಕೇಳುವ ಅರ್ಜಿಗೆ, 1 ಏಪ್ರಿಲ್ 2022ರಿಂದ ಜಾರಿಗೆ ಬಂದ ನಿಯಮದಂತೆ, ಅಪಘಾತವಾದ ದಿನದಿಂದ ಆರು ತಿಂಗಳ ಗಡುವಿದೆ. ನಿಮಗೆ ನಾಲ್ಕು ಉಳಿದಿವೆ. ಮುಂದೆ ಬದಲಿಸಬೇಕಾದ ಕಾಲುಗಳ ಖರ್ಚನ್ನೂ ಅದರಲ್ಲಿ ಕೇಳಲು ವಕೀಲರಿಗೆ ಹೇಳಿ.

ಕೆನಡಾದ ರಿಕ್ ಹ್ಯಾನ್ಸನ್ ಎಂಬವರು ಬೆನ್ನುಹುರಿಗೆ ಪೆಟ್ಟಾದವರಿಗಾಗಿ 1985ರಿಂದ 1987ರವರೆಗೆ 34 ದೇಶಗಳಲ್ಲಿ 40,000 ಕಿ.ಮೀ.ಗೂ ಹೆಚ್ಚು ದೂರ ಗಾಲಿಕುರ್ಚಿಯನ್ನು ಸ್ವತಃ ತಳ್ಳಿಕೊಂಡು ಸುತ್ತಿದರು. ನೀವು ಅಷ್ಟು ಮಾಡಬೇಕಿಲ್ಲ. ಕೋಟೆಯ ಕೆಳಗೆ ಕುರ್ಚಿ ಹಾಕಿಕೊಂಡು ಕುಳಿತು, ಇಳಿದು ಬಂದವರ ಹೆಸರಿನ ಮುಂದೆ ಗೆರೆ ಎಳೆಯುವ ಕೆಲಸವನ್ನು ನೀವೇ ಕೇಳಿ ತೆಗೆದುಕೊಳ್ಳಿ. ಅಂದಹಾಗೆ ಕೋಟೆ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಇಲಾಖೆಯ ಅನುಮತಿಯಿಲ್ಲದೆ ಒಳಗೆ ಬ್ಯಾನರು ಕಟ್ಟುವಂತಿಲ್ಲ. ಫೋಟೊ ತೆಗೆಸಲು ಈ ಕಾರಣವನ್ನೂ ಸಹೋದ್ಯೋಗಿಗಳಿಗೆ ಹೇಳಬಹುದು.