ಎಲ್ಲಾ ಪಿಡಿಎಫ್ ಒಂದೇ ಅಲ್ಲ ಮೇಡಮ್

ಮುದ್ದೇಬಿಹಾಳದ ಮೇಡಮ್ ಅವರಿಗೆ ನಮಸ್ಕಾರ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಆದರೆ ಉಳಿದ ಓದುಗರಿಗೂ ವಿಷಯ ಗೊತ್ತಾಗಬೇಕಲ್ಲ, ಹಾಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ನೀವು ಸರ್ಕಾರಿ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ, ಜೊತೆಗೆ ಪಿಎಚ್‌ಡಿ ಮಾಡುತ್ತಿದ್ದೀರಿ. ಲೇಖನಗಳನ್ನು ಸೈ-ಹಬ್‌ನಿಂದ, ಪುಸ್ತಕಗಳನ್ನು ಲಿಬ್‌ಜೆನ್‌ನಿಂದ ಇಳಿಸಿಕೊಳ್ಳುತ್ತೀರಿ. ಎರಡೂ ಪ್ರಕಾಶಕರ ಅನುಮತಿ ಇಲ್ಲದೆ ಪುಕ್ಕಟೆ ಪ್ರತಿ ಕೊಡುವ ಜಾಲತಾಣಗಳು. ವಿಜಯಪುರ, ಬಾಗಲಕೋಟೆ ಕಡೆಯ ಓದುಗರ ವಾಟ್ಸಾಪ್ ಗುಂಪಿಗೆ ನೀವೇ ಅಡ್ಮಿನ್. ಅಲ್ಲಿ ತಮ್ಮ ಹೊಸ ಪುಸ್ತಕದ ಪಿಡಿಎಫ್ ನೋಡಿ ಒಬ್ಬ ಕಾದಂಬರಿಕಾರರು ಸಿಟ್ಟಾದರು. "ಓದೋದು ಕಳ್ಳತನ ಹೇಗಾಗುತ್ತೆ ಸರ್?" ಎಂದು ಕೇಳಿದ್ದೀರಿ.

ಓದೋದು ಕಳ್ಳತನ ಅಲ್ಲ. ಆದರೆ ಆ ಕಾದಂಬರಿಯನ್ನೂ ನಿಮ್ಮ ಸಂಶೋಧನಾ ಲೇಖನಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದೀರಿ, ಅದು ನನಗೆ ಒಪ್ಪಿಗೆ ಇಲ್ಲ.

ಸೈ-ಹಬ್ ಶುರುವಾದದ್ದು 2011ರಲ್ಲಿ. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ ವಿದ್ಯಾರ್ಥಿನಿಯಾಗಿದ್ದಾಗ ತನಗೆ ಬೇಕಾದ ಲೇಖನಗಳಿಗೆ ದುಡ್ಡು ಕೊಡಲಾಗದೆ ಒದ್ದಾಡಿದವರು, ಕೊನೆಗೆ ಅವರೇ ಈ ತಾಣ ಕಟ್ಟಿದರು. ಇಂಥ ಸಂಶೋಧನಾ ಪತ್ರಿಕೆಗಳಲ್ಲಿ ಬರೆದವರಿಗೆ ಸಾಮಾನ್ಯವಾಗಿ ಸಂಭಾವನೆ ಇಲ್ಲ, ಲೇಖನ ಪರಿಶೀಲಿಸಿ ಕೊಟ್ಟವರಿಗೂ ಇಲ್ಲ. ಆದರೂ ಒಂದು ಲೇಖನ ಓದಲು ಪ್ರಕಾಶಕರು 30-40 ಡಾಲರ್ ಕೇಳುತ್ತಾರೆ, ಮೂರು ಸಾವಿರ ರೂಪಾಯಿ ಆಸುಪಾಸು. ಗೌರವಧನ ಯಾವ ತಿಂಗಳು ಬರುತ್ತದೆ ಎಂದೇ ಗೊತ್ತಿರದವರಿಗೆ ಇದು ಎಟುಕುತ್ತಾ? ಈ ಬೆಲೆ ಅನ್ಯಾಯ ಎಂದು ನಾನೂ ಹೇಳುತ್ತೇನೆ. ಆದರೆ ಕಾನೂನು ನಿಮ್ಮ ಕಡೆ ಇಲ್ಲ. ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ ಎಂಬ ಪ್ರಕಾಶನ ಸಂಸ್ಥೆಗಳು ಸೇರಿ 2020ರಲ್ಲಿ ದೆಹಲಿ ಹೈಕೋರ್ಟಿಗೆ ಹೋದವು, 2025ರ ಆಗಸ್ಟ್‌ನಲ್ಲಿ ಭಾರತದಲ್ಲಿ ಸೈ-ಹಬ್ ಬಂದ್ ಮಾಡುವಂತೆ ಆದೇಶವಾಯಿತು. ಲಿಬ್‌ಜೆನ್ ಮೇಲೂ ಅದೇ ಕೇಸು.

ನಿಮಗೆ ಬಹುಶಃ ಯಾರೂ ಹೇಳಿಲ್ಲದ ಸಂಗತಿ ಇನ್ನೊಂದಿದೆ. ಕೇಂದ್ರ ಸರ್ಕಾರದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳವರು ದುಡ್ಡು ಕೊಡದೆ ಓದಬಹುದು, ಎಲ್ಸೆವಿಯರ್, ವೈಲಿ ಕೂಡ ಅದರಲ್ಲಿವೆ. ನಿಮ್ಮ ಕಾಲೇಜು ನೋಂದಣಿ ಆಗಿದೆಯಾ ಎಂದು ಗ್ರಂಥಪಾಲಕರನ್ನು ಕೇಳಿ, ಆಗಿಲ್ಲ ಅಂದರೆ ಪ್ರಾಂಶುಪಾಲರಿಗೆ ಅರ್ಜಿ ಕೊಡಿ, ಬಿಡಬೇಡಿ. ಬೇರೆಯವರ ಪಿಎಚ್‌ಡಿ ಪ್ರಬಂಧಗಳಿಗೆ ಶೋಧಗಂಗಾ ಜಾಲತಾಣ ಇದ್ದೇ ಇದೆ. ತರಗತಿಗೆಂದು ಪುಸ್ತಕದ ಒಂದೆರಡು ಅಧ್ಯಾಯ ಝೆರಾಕ್ಸ್ ಮಾಡಿಸಲು ಭಯ ಎಂದೂ ಬರೆದಿದ್ದೀರಿ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮುಂತಾದ ಪ್ರಕಾಶಕರು ಹಾಕಿದ್ದ ಕೇಸಿನಲ್ಲಿ ದೆಹಲಿ ಹೈಕೋರ್ಟ್ 2016ರಲ್ಲೇ, ಪಾಠಕ್ಕೆ ಬೇಕಾದಷ್ಟು ಪ್ರತಿ ತೆಗೆಯುವುದು ತಪ್ಪಲ್ಲ ಎಂದಿತು. ಮರುವರ್ಷ ಪ್ರಕಾಶಕರೇ ಕೇಸು ವಾಪಸ್ ಪಡೆದರು.

ಈಗ ಆ ಕಾದಂಬರಿ. ನೀವು ಕಳಿಸಿದ ಸ್ಕ್ರೀನ್‌ಶಾಟ್ ನೋಡಿದೆ. ಪುಟದ ಅಂಚಿನಲ್ಲಿ ಯಾರದೋ ಹೆಬ್ಬೆರಳು, ಸಾಲುಗಳೆಲ್ಲ ಓರೆ, ಮತ್ತೆ ಪ್ರಕಾಶಕರ ವಿಳಾಸ, ಬೆಲೆ ಇರುವ ಪುಟವನ್ನೇ ಬಿಟ್ಟು ಸ್ಕ್ಯಾನ್ ಮಾಡಿದ್ದಾರೆ. ಯಾರಿಗಾದರೂ ಇಷ್ಟವಾಗಿ ಕೊಳ್ಳೋಣ ಅನ್ನಿಸಿದರೂ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಗೊತ್ತಾಗಲ್ಲ. ಕನ್ನಡದ ಕಾದಂಬರಿ ಹೆಚ್ಚಾಗಿ 500 ಇಲ್ಲವೇ 1,000 ಪ್ರತಿ ಅಚ್ಚಾಗುತ್ತದೆ. 200 ರೂಪಾಯಿ ಪುಸ್ತಕಕ್ಕೆ ಶೇಕಡಾ 10ರ ಲೆಕ್ಕ ಹಿಡಿದರೆ ಬರೆದವರಿಗೆ 20 ರೂಪಾಯಿ. ಎಷ್ಟೋ ಸಲ ಆ ದುಡ್ಡೂ ಇಲ್ಲ, ಬದಲಿಗೆ ಒಂದಷ್ಟು ಪ್ರತಿ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿ ದೊಡ್ಡ ಕಂಪನಿ ಯಾವುದೂ ಇಲ್ಲ ಮೇಡಮ್. ಇರುವುದು ನೌಕರಿ ಮುಗಿಸಿ ಬಂದು ರಾತ್ರಿ ಕೂತು ಬರೆದ ಒಬ್ಬರು, ಸಾಲ ಮಾಡಿ ಅಚ್ಚು ಹಾಕಿಸಿದ ಇನ್ನೊಬ್ಬರು. ನಿಮ್ಮ ಗುಂಪಿನಂಥ ಎರಡು ಗುಂಪಿನವರು ಕೊಂಡರೆ ಆ ಮುದ್ರಣವೇ ಖಾಲಿಯಾಗುತ್ತದೆ, ಅದೇ ಜನ ಫಾರ್ವರ್ಡ್ ಮಾಡಿದರೆ ಎರಡನೇ ಮುದ್ರಣದ ಮಾತೇ ಏಳಲ್ಲ. ಎಲ್ಲರಿಗೂ ಕೊಳ್ಳಲು ಆಗಲ್ಲ, ಗೊತ್ತು. ಒಂದು ಪ್ರತಿ ಕೊಂಡು ಹತ್ತು ಜನ ಕೈಯಿಂದ ಕೈಗೆ ಕೊಟ್ಟು ಓದಿ, ಯಾವ ಲೇಖಕರೂ ಬೇಡ ಅನ್ನಲ್ಲ.

ನನಗೆ ಜಾಸ್ತಿ ಬೇಜಾರಾದದ್ದು ನಿಮ್ಮ ಪತ್ರದ ಕೊನೆಯ ಸಾಲಿಗೆ. ಗಲಾಟೆ ಆದ ಮೇಲೆ ಹೆದರಿ, ಫ.ಗು. ಹಳಕಟ್ಟಿಯವರ ಪುಸ್ತಕ ಹಾಕಿದ್ದವರನ್ನೂ ಗುಂಪಿನಿಂದ ತೆಗೆದಿರಂತೆ. ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಆಮೇಲೆ ಇಲ್ಲ. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. 2025ರ ಜನವರಿ 1ರಿಂದ ಅವರು ಬರೆದದ್ದು ಎಲ್ಲರ ಸ್ವತ್ತು. ಊರೂರು ಅಲೆದು ತಾಳೆಗರಿ ಹುಡುಕಿ, 1923ರಲ್ಲಿ 'ವಚನಶಾಸ್ತ್ರ ಸಾರ' ತಂದು, ವಿಜಯಪುರದಲ್ಲಿ ಮುದ್ರಣಾಲಯ ನಡೆಸಲು ಮನೆಯನ್ನೇ ಮಾರಿದವರು ಅವರು. ಅವರ ಪುಸ್ತಕ ಹಂಚಿದ್ದಕ್ಕೆ ಒಬ್ಬರನ್ನು ಹೊರಹಾಕುವುದಾ? ಹೊಸ ಆವೃತ್ತಿಗೆ ಬೇರೆಯವರು ಬರೆದ ಮುನ್ನುಡಿ, ಟಿಪ್ಪಣಿಗಳ ಹಕ್ಕು ಮಾತ್ರ ಅವರವರದು, ಅದಕ್ಕೆ ಹಳೆಯ ಮುದ್ರಣದ ಸ್ಕ್ಯಾನ್ ಹಂಚಿ. ವಚನ ಸಂಚಯ ಜಾಲತಾಣದಲ್ಲಿ ವಚನಗಳನ್ನು ಪದ ಹಾಕಿ ಹುಡುಕಬಹುದು. ಆರ್ಕೈವ್ ಡಾಟ್ ಆರ್ಗ್‌ನಲ್ಲೂ ಹಳೆಯ ಕನ್ನಡ ಪುಸ್ತಕಗಳು ಬೇಕಾದಷ್ಟಿವೆ. ಅಲ್ಲಿರುವುದೆಲ್ಲ ಹಕ್ಕು ಮುಗಿದದ್ದಲ್ಲ, ಲೇಖಕರು ತೀರಿಕೊಂಡ ವರ್ಷ ನೋಡಿಕೊಂಡೇ ಹಂಚಿ.

ನೀವು ಅಡ್ಮಿನ್, ಆ ಕಾದಂಬರಿಯ ಫೈಲು ಎಲ್ಲರಿಗೂ ಡಿಲೀಟ್ ಆಗುವ ಹಾಗೆ ತೆಗೆಯಿರಿ. ಕಾದಂಬರಿಕಾರರಿಗೆ ಒಂದು ಫೋನ್ ಮಾಡಿ, ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಕೇಳಿ ಗುಂಪಿನಲ್ಲಿ ಹಾಕಿ. ಹಳಕಟ್ಟಿ ಪುಸ್ತಕದವರನ್ನು ಮತ್ತೆ ಸೇರಿಸಿಕೊಳ್ಳಿ. ಕಾಲೇಜಿನ ನೋಂದಣಿ ಏನಾಯ್ತು ಅಂತ ನಮಗೂ ಬರೆಯಿರಿ, ಜಿಲ್ಲೆಯ ಬೇರೆ ಕಾಲೇಜಿನವರಿಗೂ ಅದು ಬೇಕಾಗಿದೆ, ಅಚ್ಚು ಹಾಕುತ್ತೇವೆ.