ಪಾದರಸ ನೀರಿನಲ್ಲಿ ಕರಗುತ್ತದೆಯೇ? ನೀರು ಬಿಸಿಯಾದರೆ ಹೆಚ್ಚು ಕರಗುತ್ತದೆಯೇ?

ಕರಗುತ್ತದೆ, ಆದರೆ ಅತ್ಯಲ್ಪ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವುದು ಸುಮಾರು 60 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷ ಪಾಲಿನಲ್ಲಿ 60 ಪಾಲು ಮಾತ್ರ. ನೀರು ಕುದಿಬಿಂದುವಿನತ್ತ ಕಾಯುತ್ತ ಹೋದಂತೆ ಈ ಪ್ರಮಾಣ ಹಲವು ಪಟ್ಟು ಏರುತ್ತದೆ.

ಉಪ್ಪು ಅಯಾನುಗಳಾಗಿ, ಎಂದರೆ ವಿದ್ಯುದಾವೇಶವುಳ್ಳ ಕಣಗಳಾಗಿ, ಒಡೆಯುವುದರಿಂದ ನೀರಿನ ಅಣುಗಳು ಅವನ್ನು ಬಲವಾಗಿ ಸೆಳೆದುಕೊಳ್ಳುತ್ತವೆ. ಪಾದರಸವಾದರೋ ಆವೇಶವಿಲ್ಲದ ಬಿಡಿ ಪರಮಾಣುಗಳಾಗಿಯೇ ಕರಗಬೇಕು. ಹೊಳೆಯುವ ಆ ಹನಿಯೊಳಗೆ ಪರಮಾಣುಗಳನ್ನು ಹಿಡಿದಿಟ್ಟಿರುವ ಬಂಧವನ್ನು ಕಡಿದುಕೊಂಡು ಹೊರಬರಲು ನೀರಿನಿಂದ ಅವಕ್ಕೆ ಹೆಚ್ಚಿನ ನೆರವು ಸಿಗುವುದಿಲ್ಲವಾದ್ದರಿಂದ, ಬೇಕಾದ ಶಕ್ತಿಯನ್ನು ಶಾಖವೇ ಒದಗಿಸುತ್ತದೆ.

ತೆರೆದ ಪಾತ್ರೆಯಲ್ಲಿ ಕಾಯಿಸಿದರೆ ಕರಗಿದ ಪಾದರಸ ನೀರಿನಲ್ಲಿ ಉಳಿಯದೆ ವಿಷಕಾರಿ ಆವಿಯಾಗಿ ಗಾಳಿಗೆ ಸೇರುತ್ತದೆ. ಒಡೆದ ಥರ್ಮಾಮೀಟರಿನ ಪಾದರಸದಿಂದ ಮನೆಯಲ್ಲಿ ಇದನ್ನು ಖಂಡಿತ ಪರೀಕ್ಷಿಸಬೇಡಿ.