ವೈದ್ಯರಲ್ಲಿ ಕೇಳಿ: ತಂದೆಗೆ ಸಿಪಿಆರ್ ಬೇಡವೆಂದು ಹೇಳಬಹುದೇ?

ಪ್ರಶ್ನೆ: ನನ್ನ ತಂದೆಗೆ 78 ವರ್ಷ. ಶ್ವಾಸಕೋಶದ ಕ್ಯಾನ್ಸರ್ ಯಕೃತ್ತಿಗೂ ಮೂಳೆಗಳಿಗೂ ಹರಡಿದ್ದು, ಇನ್ನು ಕಿಮೊಥೆರಪಿಯಿಂದ ಪ್ರಯೋಜನವಿಲ್ಲ ಎಂದಿದ್ದಾರೆ. ಹೃದಯ ನಿಂತರೆ ಸಿಪಿಆರ್ (ಎದೆಯೊತ್ತಿ ಹೃದಯವನ್ನು ಮತ್ತೆ ಬಡಿಯುವಂತೆ ಮಾಡುವ ಯತ್ನ) ಮಾಡಬೇಕೇ ಬೇಡವೇ ಎಂಬುದನ್ನು ಯೋಚಿಸಿ ಹೇಳುವಂತೆ ಆಸ್ಪತ್ರೆಯ ವೈದ್ಯರು ಕೇಳಿದ್ದಾರೆ. ಬೇಡವೆಂದರೆ ನಾವೇ ಅಪ್ಪನನ್ನು ಕೈಬಿಟ್ಟಂತಾಗುತ್ತದೆ ಎಂಬುದು ಅಣ್ಣನ ವಾದ. ಅಪ್ಪನಿಗೆ ಪ್ರಜ್ಞೆ, ನೆನಪು ಎಲ್ಲವೂ ಚೆನ್ನಾಗಿವೆ; ಆದರೆ ಅವರೆದುರು ಈ ಮಾತೆತ್ತುವ ಧೈರ್ಯ ಯಾರಿಗೂ ಇಲ್ಲ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಅಣ್ಣನವರಿಗೆ ಮೊದಲು ತಿಳಿಸಬೇಕಾದ ವಿಷಯವೆಂದರೆ, ಆಸ್ಪತ್ರೆಯವರು ಡಿಎನ್‌ಆರ್ (‘ಡು ನಾಟ್ ರಿಸಸಿಟೇಟ್’, ಅಂದರೆ ಸಿಪಿಆರ್ ಮಾಡಬೇಡಿ) ಎಂದು ಬರೆಯುವ ಸೂಚನೆ ಅನ್ವಯಿಸುವುದು ಹೃದಯ ಅಥವಾ ಉಸಿರಾಟ ನಿಂತ ಆ ಒಂದು ಸಂದರ್ಭಕ್ಕೆ ಮಾತ್ರ. ನೋವಿಗೆ ಮಾರ್ಫಿನ್, ಸೋಂಕಿಗೆ ಆ್ಯಂಟಿಬಯಾಟಿಕ್, ಉಸಿರಾಟದ ತೊಂದರೆಗೆ ಬೇಕಾದ ಔಷಧ, ಬಾಯಿ ಒಣಗದಂತೆ ಮತ್ತು ಬೆನ್ನಿನಲ್ಲಿ ಹಾಸಿಗೆ ಹುಣ್ಣು ಆಗದಂತೆ ನರ್ಸ್‌ಗಳು ಮಾಡುವ ಆರೈಕೆ, ಇವು ಯಾವುವೂ ಅದರಿಂದ ನಿಲ್ಲುವುದಿಲ್ಲ, ನಿಲ್ಲಕೂಡದು. ಆ ಸೂಚನೆ ಬರೆದ ಮೇಲೆ ವಾರ್ಡಿನವರು ಹಾಸಿಗೆಯ ಬಳಿ ಬರುವುದು ಕಡಿಮೆಯಾದರೆ ಅದು ಅಕ್ಷಮ್ಯ, ಸಂಕೋಚವಿಲ್ಲದೆ ಪ್ರಶ್ನಿಸಿ. ಐಸಿಯು, ವೆಂಟಿಲೇಟರ್, ಡಯಾಲಿಸಿಸ್‌ಗಳ ತೀರ್ಮಾನಗಳು ಬೇರೆ. ಅವನ್ನು ಒಂದೊಂದಾಗಿಯೇ ಕೇಳಿ ತಿಳಿದುಕೊಳ್ಳಿ.

ಸಿಪಿಆರ್ ಹೇಗೆ ನಡೆಯುತ್ತದೆ ಎಂಬುದನ್ನು ಮನೆಯವರಿಗೆ ಯಾರೂ ಬಿಡಿಸಿ ಹೇಳುವುದಿಲ್ಲ. ಎದೆಯ ನಡುವಿನ ಮೂಳೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ, ಪ್ರತಿ ಸಲವೂ ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ ಒತ್ತಬೇಕು. ವಯಸ್ಸಾದವರಲ್ಲಿ, ಅದರಲ್ಲೂ ಕ್ಯಾನ್ಸರ್ ಮೂಳೆಗೆ ಇಳಿದವರಲ್ಲಿ, ಪಕ್ಕೆಲುಬುಗಳು ಮುರಿಯುವ ಸಂಭವ ಹೆಚ್ಚು. ಜೊತೆಗೆ ಶ್ವಾಸನಾಳಕ್ಕೆ ಕೊಳವೆ ಇಳಿಸುತ್ತಾರೆ, ಅಗತ್ಯಬಿದ್ದರೆ ವಿದ್ಯುತ್ ಆಘಾತ ಕೊಡುತ್ತಾರೆ, ಮನೆಯವರನ್ನು ಹೊರಗೆ ಕಳುಹಿಸುವುದೂ ಉಂಟು. ಆಸ್ಪತ್ರೆಯೊಳಗೇ ಹೃದಯ ನಿಂತ ವಯಸ್ಕರಲ್ಲಿ ಬದುಕಿ ಮನೆಗೆ ಮರಳುವವರು, ಉತ್ತಮ ಸೌಲಭ್ಯ ಇರುವೆಡೆಯೂ, ಸುಮಾರು ನಾಲ್ವರಲ್ಲಿ ಅಥವಾ ಐವರಲ್ಲಿ ಒಬ್ಬರು. ಹರಡಿದ ಕ್ಯಾನ್ಸರ್‌ನ ಕೊನೆಯ ಹಂತದಲ್ಲಿ ಈ ಸಾಧ್ಯತೆ ಬಹಳ ಕುಗ್ಗುತ್ತದೆ, ಏಕೆಂದರೆ ಅಲ್ಲಿ ಹೃದಯ ನಿಲ್ಲುವುದು ಇಡೀ ದೇಹ ಸೋತ ಮೇಲೆ. ಅದನ್ನು ಮತ್ತೆ ಬಡಿಯುವಂತೆ ಮಾಡಿದರೂ ಅದು ನಿಲ್ಲಲು ಇದ್ದ ಕಾರಣ ಹಾಗೆಯೇ ಉಳಿದಿರುತ್ತದೆ. ಹೊರಗಿನಿಂದ ಎದೆಯೊತ್ತುವ ವಿಧಾನವನ್ನು ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಪ್ರಕಟಿಸಿದ್ದು 1960ರಲ್ಲಿ. ಗುಣವಾಗದ ಕಾಯಿಲೆಯಲ್ಲಿ, ಸಾವು ನಿರೀಕ್ಷಿತವಾಗಿರುವಾಗ, ಅದು ಸೂಕ್ತವಲ್ಲವೆಂದು ಅದೇ ದೇಶದ ಮಾನದಂಡಗಳು 1974ರಲ್ಲೇ ಹೇಳಿದವು.

ನೀವು ವಿವರಿಸಿದ ಸ್ಥಿತಿಯಲ್ಲಿ ನಾನಾಗಿದ್ದರೆ ಸಿಪಿಆರ್‌ಗೆ ಸಲಹೆ ಕೊಡುತ್ತಿರಲಿಲ್ಲ. ಆದರೆ ನನ್ನನ್ನು ನಿಜವಾಗಿ ಕಾಡಿದ್ದು ನಿಮ್ಮ ಪತ್ರದ ಕೊನೆಯ ಭಾಗ. ತಂದೆಯವರಿಗೆ ಪ್ರಜ್ಞೆಯಿದ್ದೂ ಅವರ ದೇಹದ ಬಗ್ಗೆ ನೀವಿಬ್ಬರೂ ಅವರ ಬೆನ್ನ ಹಿಂದೆ ತೀರ್ಮಾನಿಸಲು ಹೊರಟಿದ್ದೀರಿ. ಸಾವಿನ ಮಾತನ್ನು ನೇರವಾಗಿ ಎತ್ತಬೇಕಿಲ್ಲ. ‘ಅಪ್ಪಾ, ಕಾಯಿಲೆಯ ಬಗ್ಗೆ ಎಷ್ಟು ತಿಳಿಯಬೇಕೆಂದಿದ್ದೀರಿ? ಇನ್ನು ಮುಂದೆ ನಿಮಗೆ ಯಾವುದು ಮುಖ್ಯ, ಯಾವುದು ಬೇಡವೇ ಬೇಡ?’ ಎಂದು ಕೇಳಿ, ಮೌನವಾಗಿದ್ದುಬಿಡಿ. ಅನೇಕ ಹಿರಿಯರು ಈ ಪ್ರಶ್ನೆಗಾಗಿಯೇ ಕಾಯುತ್ತಿರುತ್ತಾರೆ. ಮಕ್ಕಳಿಗೆ ನೋವಾದೀತೆಂದು ತಾವಾಗಿ ಬಾಯಿಬಿಡುವುದಿಲ್ಲ. ಅವರು ಮಾತಾಡಲು ಒಪ್ಪದೆ, ‘ನೀವೇ ನೋಡಿಕೊಳ್ಳಿ’ ಎಂದರೆ ಅದೂ ಅವರ ಉತ್ತರವೇ. ಆಗ ಅವರ ಸ್ವಭಾವ ಬಲ್ಲ ನೀವು, ‘ಅವರೇ ನಿರ್ಧರಿಸುವುದಾಗಿದ್ದರೆ ಏನೆನ್ನುತ್ತಿದ್ದರು’ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ಅಣ್ಣನವರನ್ನೂ ಆ ಭೇಟಿಗೆ ಕರೆದೊಯ್ಯಿರಿ. ಬೇಡವೆಂದು ನಿರ್ಧಾರವಾದರೆ ಅದು ಕೇಸ್ ಶೀಟಿನಲ್ಲಿ ದಾಖಲಾಗಿದೆಯೇ, ರಾತ್ರಿ ಪಾಳಿಯವರಿಗೆ ಗೊತ್ತಿದೆಯೇ ಎಂದು ವಿಚಾರಿಸಿ. ಸಹಿ, ದಾಖಲೆಗಳ ನಿಯಮ ದೇಶದಿಂದ ದೇಶಕ್ಕೆ ಬೇರೆಯಾಗಿರುವುದರಿಂದ ಅದನ್ನು ಆಸ್ಪತ್ರೆಯಲ್ಲೇ ಕೇಳಬೇಕು.

ಪ್ರಶ್ನೆ: ಡಿಎನ್‌ಆರ್ ಬರೆಸಿದ ಮೇಲೆ ಮನಸ್ಸು ಬದಲಾದರೆ? ನಡುವೆ ಶಸ್ತ್ರಚಿಕಿತ್ಸೆ ಬೇಕಾದರೆ?

ಉತ್ತರ: ರೋಗಿ ಬಯಸಿದ ಕ್ಷಣ ಅದನ್ನು ಹಿಂಪಡೆಯಬಹುದು, ಬಾಯಿಮಾತಿನಲ್ಲಿ ಹೇಳಿದರೂ ಸಾಕು. ನೋವು ತಗ್ಗಿಸಲು ಮುರಿದ ಮೂಳೆ ಜೋಡಿಸುವಂತಹ ಶಸ್ತ್ರಚಿಕಿತ್ಸೆ ನಡೆಯುವಾಗ ಹೃದಯ ನಿಂತರೆ, ಕಾರಣ ಅರಿವಳಿಕೆಯ ಔಷಧವೇ ಆಗಿರಬಹುದು ಮತ್ತು ತಕ್ಷಣ ಸರಿಪಡಿಸಲು ಸಾಧ್ಯವಿರಬಹುದು. ಆದ್ದರಿಂದ ಅರಿವಳಿಕೆ ತಜ್ಞರೊಂದಿಗೆ ಮೊದಲೇ ಕುಳಿತು, ಆ ಅವಧಿಗೆ ಸೂಚನೆಯನ್ನು ತಡೆಹಿಡಿಯಬೇಕೇ, ಹಿಡಿದರೆ ಮತ್ತೆ ಯಾವಾಗ ಜಾರಿಗೆ ತರಬೇಕು ಎಂಬುದನ್ನು ಬರೆಸಿಕೊಳ್ಳಿ.